ಮೊಬೈಲ್ ಆ್ಯಪ್ ಅಂಗಡಿಯ ಗಣಕಯಂತ್ರಕ್ಕೆ: ಕಂಟೇನರ್ ವಿಧಾನ ಮತ್ತು ವ್ಯಾಪಾರಸ್ಥರು ಗಮನಿಸಬೇಕಾದ ಅಂಶಗಳು

ನಮ್ಮ ಸದಸ್ಯ ಬಾಂಧವರಲ್ಲಿ ಬಹುಪಾಲು ಜನರ ಲೆಕ್ಕಪತ್ರಗಳು ಇಂದು ಅಂಗಡಿಯ ಗಣಕಯಂತ್ರದಲ್ಲಿರುತ್ತವೆ. ಆದರೆ ಆ ಲೆಕ್ಕಪತ್ರಗಳಿಗೆ ಬೇಕಾದ ಸಂದೇಶ, ಧಾರಣೆ, ಅನುಮತಿ, ಸಂಕೇತಸಂಖ್ಯೆ ಇವೆಲ್ಲವೂ ಬರುವುದು ಮಾಲೀಕರ ಜೇಬಿನಲ್ಲಿರುವ ಮೊಬೈಲಿಗೆ. ಒಂದು ಮೇಜಿನ ಮೇಲೆ, ಮತ್ತೊಂದು ಜೇಬಿನಲ್ಲಿ. ಇವೆರಡರ ನಡುವೆ ಗುಮಾಸ್ತ. ಹೀಗಾಗಿ ಇತ್ತೀಚಿನ ವರ್ಷಗಳಲ್ಲಿ ನನ್ನ ಕಚೇರಿಗೆ ಬರುವ ಕಕ್ಷಿದಾರರು ತೆರಿಗೆಯ ಪ್ರಶ್ನೆಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ: ಮೊಬೈಲಿನ ಆ್ಯಪನ್ನು ಗಣಕಯಂತ್ರದಲ್ಲಿಯೇ ನಡೆಸಲು ಸಾಧ್ಯವಿಲ್ಲವೇ? ತಾಂತ್ರಿಕವಾಗಿ ಸಾಧ್ಯವಿದೆ. ಆದರೆ ಲೆಕ್ಕಪರಿಶೋಧಕನಾಗಿ ನಾನು ಕೊಡಬೇಕಾದ ಉತ್ತರ ಅಷ್ಟು ಸರಳವಲ್ಲ. ಕೆಲವು ಆ್ಯಪ್‌ಗಳನ್ನು ಹಾಗೆ ತರಬಹುದು, ಕೆಲವನ್ನು ತರಲೇಬಾರದು. ಪ್ರಸ್ತುತ ಲೇಖನದಲ್ಲಿ ಮೊದಲು ವಿಧಾನವನ್ನು, ಅನಂತರ ಮಿತಿಯನ್ನು ವಿವರಿಸಲಾಗಿದೆ.

ಈ ಪ್ರಶ್ನೆ ನನಗೆ ಗಂಭೀರವಾಗಿ ಕಂಡದ್ದು ಒಂದು ಪ್ರಸಂಗದಿಂದ. ನನ್ನ ಕಕ್ಷಿದಾರರೊಬ್ಬರು ಹೊಳಲ್ಕೆರೆ ಕಡೆಯ ಅಡಿಕೆಯನ್ನು ಖರೀದಿಸಿ ಉತ್ತರ ಭಾರತಕ್ಕೆ ರವಾನಿಸುವವರು. ಹಿರಿಯೂರಿನಲ್ಲಿ ಗೋದಾಮು, ಬೆಂಗಳೂರು-ಪುಣೆ ಮಾರ್ಗದ 48ನೇ ರಾಷ್ಟ್ರೀಯ ಹೆದ್ದಾರಿಯೂ ಬಳ್ಳಾರಿಯಿಂದ ಚಾಮರಾಜನಗರದತ್ತ ಸಾಗುವ 150ಎ ಹೆದ್ದಾರಿಯೂ ಇಲ್ಲಿ ಕೂಡುವುದರಿಂದ ಲಾರಿಗಳಿಗೆ ಕೊರತೆಯಿಲ್ಲ. ಒಂದು ರಾತ್ರಿ ಸುಮಾರು ಇಪ್ಪತ್ತು ಲಕ್ಷ ರೂಪಾಯಿ ಮೌಲ್ಯದ ಸರಕು ತುಂಬಿದ ಲಾರಿ ಹೊರಡಲು ಸಿದ್ಧವಾಗಿತ್ತು. ಗುಮಾಸ್ತ ಇ-ವೇ ಬಿಲ್ ಪೋರ್ಟಲಿನಲ್ಲಿ ಬಳಕೆದಾರರ ಹೆಸರು ಮತ್ತು ಗುಪ್ತಪದ ನಮೂದಿಸಿದ. ಪೋರ್ಟಲು ಓಟಿಪಿ ಕೇಳಿತು. ಓಟಿಪಿ ಹೋದದ್ದು ಮಾಲೀಕರ ಮೊಬೈಲಿಗೆ. ಮಾಲೀಕರು ಬಂಧುಗಳ ಮದುವೆಯಲ್ಲಿದ್ದರು, ಮೊಬೈಲಿನ ಬ್ಯಾಟರಿ ಮುಗಿದಿತ್ತು. ಚಾಲಕನು "ನಾನು ಹೊರಡುತ್ತೇನೆ, ಬಿಲ್ಲನ್ನು ದಾರಿಯಲ್ಲಿ ವಾಟ್ಸಾಪಿಗೆ ಕಳಿಸಿ" ಎಂದನಂತೆ. ಗುಮಾಸ್ತ ಬಿಡಲಿಲ್ಲ. ಅವನ ಆ ಹಟದಿಂದ ಮಾಲೀಕರಿಗೆ ಉಳಿದದ್ದೆಷ್ಟು ಎಂಬುದನ್ನು ಲೆಕ್ಕ ಹಾಕಬಹುದು. ಅಡಿಕೆಯ ಮೇಲೆ ಜಿಎಸ್‌ಟಿ ಶೇ. 5, ಅಂದರೆ ಒಂದು ಲಕ್ಷ ರೂಪಾಯಿ ತೆರಿಗೆ. ಇ-ವೇ ಬಿಲ್ ಇಲ್ಲದೆ ವಾಹನ ತಡೆಹಿಡಿಯಲ್ಪಟ್ಟರೆ, ಸರಕಿನ ಮಾಲೀಕರೇ ಮುಂದೆ ಬಂದರೂ, 129ನೇ ಪ್ರಕರಣದಂತೆ ತೆರಿಗೆಯ ಎರಡರಷ್ಟು ದಂಡ. ಎರಡು ಲಕ್ಷ ರೂಪಾಯಿ. ಲಾರಿ ನಿಂತ ದಿನಗಳ ಬಾಡಿಗೆ ಬೇರೆ.

ಮರುದಿನ ಅವರು ನನ್ನಲ್ಲಿಗೆ ಬಂದದ್ದು ಒಂದು ಪರಿಹಾರದೊಂದಿಗೇ. ಇಂಜಿನಿಯರಿಂಗ್ ಓದುತ್ತಿರುವ ಅವರ ತಂಗಿಯ ಮಗನು ಕಚೇರಿಯ ಗಣಕಯಂತ್ರದೊಳಗೇ ಒಂದು ಆಂಡ್ರಾಯ್ಡ್ ಮೊಬೈಲನ್ನು ಕೂರಿಸಿಕೊಡುವುದಾಗಿಯೂ, ಓಟಿಪಿ ಕೊಡುವ ಆ್ಯಪನ್ನು ಅದರಲ್ಲಿ ಹಾಕಿದರೆ ಯಾರ ಫೋನಿಗೂ ಕಾಯಬೇಕಾಗಿಲ್ಲವೆಂದೂ ಹೇಳಿದ್ದನಂತೆ. ಹುಡುಗ ಹೇಳಿದ ಮೊದಲರ್ಧ ಸರಿಯಾಗಿಯೇ ಇತ್ತು.

ಕಂಟೇನರ್ ಎಂದರೇನು?

ವ್ಯಾಪಾರಸ್ಥರಿಗೆ ಕಂಟೇನರ್ ಎಂಬ ಪದ ಹೊಸದೇನಲ್ಲ. 1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಉದ್ಯಮಿ ಸರಕನ್ನು ಪೆಟ್ಟಿಗೆಗಳಲ್ಲಿಯೇ ಹಡಗಿಗೆ ಏರಿಸಿದಂದಿನಿಂದ, ಒಳಗೇನಿದೆಯೆಂದು ನೋಡದೆಯೇ ಪೆಟ್ಟಿಗೆಯನ್ನು ಲಾರಿಯಿಂದ ಹಡಗಿಗೆ, ಹಡಗಿನಿಂದ ರೈಲಿಗೆ ಸಾಗಿಸುವ ಪದ್ಧತಿ ಬೆಳೆಯಿತು. ತಂತ್ರಾಂಶ ತಜ್ಞರು ಈ ಹೆಸರನ್ನು ಎರವಲು ಪಡೆದಿದ್ದಾರೆ. ಒಂದು ತಂತ್ರಾಂಶಕ್ಕೆ ಬೇಕಾದ ಸಮಸ್ತ ಪರಿಕರಗಳನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು, ಗಣಕಯಂತ್ರದ ಉಳಿದ ಭಾಗಕ್ಕೆ ಅದು ತಗುಲದಂತೆ ನಡೆಸುವುದೇ ಕಂಟೇನರ್ ವಿಧಾನ.

ಇದನ್ನು ಎಮ್ಯುಲೇಟರ್ ಅಥವಾ ವರ್ಚುವಲ್ ಯಂತ್ರದಿಂದ ಬೇರ್ಪಡಿಸಿ ನೋಡಬೇಕು. ಮಾರುಕಟ್ಟೆ ಪ್ರಾಂಗಣದಲ್ಲಿ ಒಬ್ಬ ವರ್ತಕರಿಗೆ ಸ್ಥಳ ಬೇಕಾದರೆ ಎರಡು ಮಾರ್ಗಗಳಿವೆ. ತಳಪಾಯದಿಂದ ಆರಂಭಿಸಿ ಪ್ರತ್ಯೇಕ ಗೋದಾಮನ್ನೇ ಕಟ್ಟಿಕೊಡುವುದು ಒಂದು. ಇರುವ ದೊಡ್ಡ ಗೋದಾಮಿನಲ್ಲಿ ಅಡ್ಡಗೋಡೆ ಹಾಕಿ, ಪ್ರತ್ಯೇಕ ಬಾಗಿಲು ಮತ್ತು ಬೀಗ ಕೊಡುವುದು ಇನ್ನೊಂದು. ಮೊದಲನೆಯದು ವರ್ಚುವಲ್ ಯಂತ್ರ. ಖರ್ಚು ಹೆಚ್ಚು, ಪ್ರತ್ಯೇಕತೆಯೂ ಹೆಚ್ಚು. ಎರಡನೆಯದು ಕಂಟೇನರ್; ತಳಪಾಯ ಮತ್ತು ಚಾವಣಿ ಒಂದೇ ಆದ್ದರಿಂದ ಅಗ್ಗ ಹಾಗೂ ವೇಗ, ಆದರೆ ಚಾವಣಿ ಸೋರಿದರೆ ಎಲ್ಲ ಕೋಣೆಗಳಿಗೂ ನೀರು.

ಗಣಕಯಂತ್ರದಲ್ಲಿ ಈ ತಳಪಾಯಕ್ಕೆ ಕರ್ನಲ್ ಎನ್ನುತ್ತಾರೆ. ಆಂಡ್ರಾಯ್ಡ್ ಮೊಬೈಲ್ ವ್ಯವಸ್ಥೆಯು ಲಿನಕ್ಸ್ ಎಂಬ ಮುಕ್ತ ಕರ್ನಲಿನ ಮೇಲೆಯೇ ನಿಂತಿದೆ. ಆದುದರಿಂದ ಮೇಜಿನ ಮೇಲಿನ ಗಣಕಯಂತ್ರದಲ್ಲಿಯೂ ಲಿನಕ್ಸ್ ಇದ್ದರೆ, ಆಂಡ್ರಾಯ್ಡಿಗೆ ಬೇರೆ ತಳಪಾಯದ ಅವಶ್ಯಕತೆಯಿಲ್ಲ, ಅಡ್ಡಗೋಡೆ ಸಾಕು. ಈ ತತ್ತ್ವದ ಮೇಲೆ 2017ರಲ್ಲಿ ಆ್ಯನ್‌ಬಾಕ್ಸ್ ಎಂಬ ಯೋಜನೆ ಪ್ರಕಟವಾಯಿತು. ಅದು ಈಗ ನಿಂತುಹೋಗಿದೆ. ಅದರ ಜಾಡಿನಲ್ಲಿ 2021ರಲ್ಲಿ ಬಂದ ವೇಡ್ರಾಯ್ಡ್ ಎಂಬ ಉಚಿತ ತಂತ್ರಾಂಶವೇ ಇಂದು ಬಳಕೆಯಲ್ಲಿರುವುದು. ಲಿನಕ್ಸಿನ ಎಲ್‌ಎಕ್ಸ್‌ಸಿ ಎಂಬ ಕಂಟೇನರ್ ಸೌಲಭ್ಯವನ್ನು ಬಳಸಿ, ಲೀನಿಯೇಜ್ ಓಎಸ್ ಎಂಬ ಆಂಡ್ರಾಯ್ಡ್ ಅವತರಣಿಕೆಯನ್ನು ಅದು ಅಡ್ಡಗೋಡೆಯೊಳಗೆ ನಡೆಸುತ್ತದೆ.

ವಿಂಡೋಸ್ ಬಳಸುವವರ ಸ್ಥಿತಿ ಬೇರೆ. ಮೈಕ್ರೋಸಾಫ್ಟ್ ಸಂಸ್ಥೆಯು 2021ರಲ್ಲಿ ವಿಂಡೋಸ್ 11ರೊಡನೆ ಆಂಡ್ರಾಯ್ಡ್ ಆ್ಯಪ್‌ಗಳಿಗೆ ತನ್ನದೇ ವ್ಯವಸ್ಥೆಯನ್ನು ಘೋಷಿಸಿತ್ತು. ಅದರ ಬೆಂಬಲ 2025ರ ಮಾರ್ಚ್ 5ಕ್ಕೆ ಕೊನೆಗೊಂಡಿದೆ. ಈಗಲೂ ಕೆಲವರು ಅದರ ಹಳೆಯ ಕಡತಗಳನ್ನು ಎಲ್ಲಿಂದಲೋ ಇಳಿಸಿಕೊಂಡು ಅಳವಡಿಸುತ್ತಾರೆ. ವ್ಯವಹಾರದ ಗಣಕಯಂತ್ರದಲ್ಲಿ ಹಾಗೆ ಮಾಡಕೂಡದು. ವಿಂಡೋಸಿನಲ್ಲಿ ಉಳಿದಿರುವುದು ಬ್ಲೂಸ್ಟ್ಯಾಕ್ಸ್ ಮುಂತಾದ ಎಮ್ಯುಲೇಟರುಗಳು. ಅವು ಮುಖ್ಯವಾಗಿ ಆಟಗಳಿಗಾಗಿ ರೂಪುಗೊಂಡವು.

ಯಾವ ಯಂತ್ರದಲ್ಲಿ ಅಳವಡಿಸಬೇಕು?

ಮೊದಲೇ ಒಂದು ಎಚ್ಚರಿಕೆ. ಟ್ಯಾಲಿ ಇರುವ ಗಣಕಯಂತ್ರವನ್ನು ಈ ಪ್ರಯೋಗಕ್ಕೆ ಮುಟ್ಟಬೇಡಿರಿ. ಟ್ಯಾಲಿ ವಿಂಡೋಸಿಗಾಗಿ ರಚಿತವಾದುದು. ಉತ್ಸಾಹದಲ್ಲಿ ವಿಂಡೋಸನ್ನು ಅಳಿಸಿ ಲಿನಕ್ಸ್ ಹಾಕಿ, ಮರುದಿನ ರಿಟರ್ನ್ ಸಲ್ಲಿಸುವ ಕಡೆಯ ದಿನವೆಂದು ನೆನಪಾಗಿ ಓಡಿಬಂದವರನ್ನು ನಾನು ಕಂಡಿದ್ದೇನೆ.

ಆದರೆ ಬಹಳಷ್ಟು ಅಂಗಡಿಗಳಲ್ಲಿ ಎರಡನೆಯ ಹಳೆಯ ಯಂತ್ರವೊಂದು ಇದ್ದೇ ಇರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಅರ್ಹವಲ್ಲ. ಇಂತಹ ಯಂತ್ರವನ್ನು ಗುಜರಿಗೆ ಹಾಕುವ ಬದಲು ಉಬುಂಟು 24.04 ಎಂಬ ಉಚಿತ ಲಿನಕ್ಸ್ ಅವತರಣಿಕೆಯನ್ನು ಅಳವಡಿಸಬಹುದು. 64 ಬಿಟ್ ಸಂಸ್ಕಾರಕ, ನನ್ನ ಅನುಭವದಲ್ಲಿ ಕನಿಷ್ಠ 8 ಗಿಗಾಬೈಟ್ ಸ್ಮೃತಿ, ಮತ್ತು ತಟ್ಟೆಯ ಬದಲಿಗೆ ಎಸ್‌ಎಸ್‌ಡಿ ಇದ್ದರೆ ಕೆಲಸ ಹಿತಕರವಾಗಿರುತ್ತದೆ. 4 ಗಿಗಾಬೈಟಿನಲ್ಲಿ ಆರಂಭವಾಗುತ್ತದೆ, ಆದರೆ ಗುಮಾಸ್ತನ ತಾಳ್ಮೆ ಮುಗಿಯುತ್ತದೆ. ಚಿತ್ರಸಂಸ್ಕಾರಕವು ಇಂಟೆಲ್ ಅಥವಾ ಎಎಮ್‌ಡಿ ಆಗಿರಲಿ. ಎನ್ವಿಡಿಯಾ ಕಾರ್ಡಿನೊಂದಿಗೆ ವೇಡ್ರಾಯ್ಡಿನ ಹೊಂದಾಣಿಕೆ ಚೆನ್ನಾಗಿಲ್ಲ. ನನ್ನ ಮನೆಯ ಯಂತ್ರದಲ್ಲಿ ಈ ಕಾರಣಕ್ಕಾಗಿಯೇ ಒಂದು ಭಾನುವಾರ ಪೂರ್ತಿ ಕಪ್ಪು ಪರದೆಯ ಮುಂದೆ ಕುಳಿತಿದ್ದೆ. ಕೊನೆಗೆ ಕಾರ್ಡನ್ನು ಕಳಚಿ ಮದರ್‌ಬೋರ್ಡಿನ ಇಂಟೆಲ್ ಚಿತ್ರಸಂಸ್ಕಾರಕಕ್ಕೆ ಪರದೆಯನ್ನು ಜೋಡಿಸಿದೊಡನೆ ಆಂಡ್ರಾಯ್ಡ್ ತೆರೆದುಕೊಂಡಿತು.

ಅಳವಡಿಕೆಯ ಕ್ರಮ

ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಟೈಪು ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಬೇಕು; ಪದಗಳ ನಡುವೆ ಒಂದು ಸ್ಥಳ ಬಿಡಬೇಕು.

ಉಬುಂಟುವಿನ ಪ್ರವೇಶ ಪರದೆಯಲ್ಲಿ ಗುಪ್ತಪದ ಕೊಡುವ ಮುನ್ನ ಕೆಳಮೂಲೆಯ ಹಲ್ಲುಚಕ್ರದ ಚಿಹ್ನೆಯನ್ನು ಒತ್ತಿ, 'ಉಬುಂಟು' ಎಂಬುದು ಆಯ್ಕೆಯಾಗಿದೆಯೇ, ಅಥವಾ 'ಉಬುಂಟು ಆನ್ ಕ್ಸಾರ್ಗ್' ಆಯ್ಕೆಯಾಗಿದೆಯೇ ನೋಡಿರಿ. ಮೊದಲನೆಯದೇ ಬೇಕು. ವೇಡ್ರಾಯ್ಡ್ ಎಂಬ ಹೆಸರಿನಲ್ಲಿಯೇ ಸೂಚನೆಯಿರುವಂತೆ ಅದು ವೇಲ್ಯಾಂಡ್ ಎಂಬ ಹೊಸ ಪ್ರದರ್ಶನ ಪದ್ಧತಿಯನ್ನು ಅಪೇಕ್ಷಿಸುತ್ತದೆ. ಹಳೆಯ ಕ್ಸಾರ್ಗ್ ಪದ್ಧತಿಯಲ್ಲಿ ನೇರವಾಗಿ ತೆರೆಯುವುದಿಲ್ಲ. ಅಳವಡಿಕೆ ವಿಫಲವಾಯಿತೆಂದು ಹೇಳುವವರಲ್ಲಿ ಅನೇಕರು ಎಡವುವುದು ಇಲ್ಲಿಯೇ.

ಅನಂತರ ಟರ್ಮಿನಲ್ ಎಂಬ ಆಜ್ಞಾಕಿಟಕಿಯನ್ನು ತೆರೆದು, ವೇಡ್ರಾಯ್ಡ್ ಯೋಜನೆಯ ಅಧಿಕೃತ ಭಂಡಾರವನ್ನು ಉಬುಂಟುವಿಗೆ ಪರಿಚಯಿಸಬೇಕು. ಯೋಜನೆಯ ದಾಖಲೆ ಪುಟದಲ್ಲಿ ಇದಕ್ಕೆ ಒಂದು ಸಾಲಿನ ಆಜ್ಞೆಯಿದ್ದು, ಅದನ್ನು ಅಲ್ಲಿಂದಲೇ ನಕಲಿಸಿಕೊಳ್ಳುವುದು ಕ್ಷೇಮ. ಆ ಸಾಲು ಅಂತರ್ಜಾಲದಿಂದ ಒಂದು ಸೂಚನಾಪಟ್ಟಿಯನ್ನು ತಂದು ಆಡಳಿತಾಧಿಕಾರದೊಂದಿಗೆ ನಡೆಸುತ್ತದೆ. ಅಂದರೆ ಇಡೀ ಗೋದಾಮಿನ ಬೀಗದ ಗೊಂಚಲನ್ನು ಕ್ಷಣಕಾಲ ಹೊರಗಿನವರ ಕೈಗೆ ಕೊಟ್ಟಂತೆ. ಆದುದರಿಂದ ವಿಳಾಸದ ಪ್ರತಿ ಅಕ್ಷರವನ್ನೂ ನೋಡಿಯೇ ಎಂಟರ್ ಒತ್ತಿರಿ. ಬೇರೆ ಯಾರೋ ಕಳುಹಿಸಿದ ಸಾಲನ್ನು ನಂಬಬೇಡಿರಿ.

ಭಂಡಾರ ಸೇರಿದ ಮೇಲೆ 'ಸುಡೋ ಆಪ್ಟ್ ಇನ್‌ಸ್ಟಾಲ್ ವೇಡ್ರಾಯ್ಡ್' ಎಂಬ ಆಜ್ಞೆಯಿಂದ ತಂತ್ರಾಂಶ ಅಳವಡುತ್ತದೆ. ಇಷ್ಟಕ್ಕೆ ಅಡ್ಡಗೋಡೆ ಮಾತ್ರ ಸಿದ್ಧ. ಒಳಗಿನ ಸರಕು ಇನ್ನೂ ಬಂದಿಲ್ಲ. 'ಸುಡೋ ವೇಡ್ರಾಯ್ಡ್ ಇನಿಟ್' ಎಂದರೆ ಆಂಡ್ರಾಯ್ಡಿನ ಬಿಂಬಕಡತ ಇಳಿಯುತ್ತದೆ. ಅದು ದೊಡ್ಡ ಕಡತ. ಹಳ್ಳಿಗಾಡಿನ ಸಂಪರ್ಕದಲ್ಲಿ ರಾತ್ರಿ ಇಳಿಸಿಕೊಳ್ಳುವುದು ಉತ್ತಮ. ಇಲ್ಲಿ ಎರಡು ಆಯ್ಕೆಗಳಿವೆ: ಗೂಗಲ್ ಸೇವೆಗಳಿಲ್ಲದ ಸಾದಾ ಬಿಂಬ, ಮತ್ತು ಪ್ಲೇ ಸ್ಟೋರ್ ಸಹಿತವಾದ ಬಿಂಬ. ಸರ್ಕಾರಿ ಆ್ಯಪ್‌ಗಳು ಬೇಕಾದಲ್ಲಿ ಎರಡನೆಯದನ್ನು ಆರಿಸಿಕೊಳ್ಳಬೇಕಾಗುತ್ತದೆ. ಆಗ ಮೊದಲ ಬಾರಿ ತೆರೆದಾಗ 'ಈ ಸಾಧನ ಪ್ರಮಾಣೀಕೃತವಲ್ಲ' ಎಂಬ ಸೂಚನೆ ಬರುತ್ತದೆ; ಸಾಧನದ ಗುರುತುಸಂಖ್ಯೆಯನ್ನು ಗೂಗಲ್ ಒದಗಿಸಿರುವ ಪುಟದಲ್ಲಿ ನೋಂದಾಯಿಸಿ, ಸ್ವಲ್ಪ ಹೊತ್ತು ಕಾದು, ಮತ್ತೆ ಆರಂಭಿಸಬೇಕು. ಇದಕ್ಕೆ ಮಾಲೀಕರ ಸ್ವಂತ ಗೂಗಲ್ ಖಾತೆಯನ್ನು ಬಳಸದೆ, ಅಂಗಡಿಯ ಹೆಸರಿನಲ್ಲಿ ಪ್ರತ್ಯೇಕ ಖಾತೆಯನ್ನು ತೆರೆಯುವುದು ವಿಹಿತ.

'ವೇಡ್ರಾಯ್ಡ್ ಶೋ-ಫುಲ್-ಯುಐ' ಎಂದರೆ ಪರದೆಯ ತುಂಬ ಆಂಡ್ರಾಯ್ಡ್ ಕಾಣಿಸಿಕೊಳ್ಳುತ್ತದೆ. ಪ್ರತಿ ಆ್ಯಪೂ ಪ್ರತ್ಯೇಕ ಕಿಟಕಿಯಲ್ಲಿ, ಉಳಿದ ತಂತ್ರಾಂಶಗಳ ಪಕ್ಕದಲ್ಲಿಯೇ ಇರಬೇಕೆಂದರೆ ಬಹುಕಿಟಕಿ ಗುಣವನ್ನು ಚಾಲನೆಗೊಳಿಸುವ ಒಂದು ಆಜ್ಞೆಯಿದೆ. ಕಚೇರಿ ಬಳಕೆಗೆ ಇದೇ ಅನುಕೂಲ. ಒಳಗೆ ಅಂತರ್ಜಾಲ ಬಾರದಿದ್ದರೆ ಸಾಮಾನ್ಯವಾಗಿ ಉಬುಂಟುವಿನ ಫೈರ್‌ವಾಲ್ ತಡೆಯುತ್ತಿರುತ್ತದೆ. ವೇಡ್ರಾಯ್ಡಿನ ಒಳಸಂಪರ್ಕಕ್ಕೆ ಮಾತ್ರ ಅನುಮತಿ ಕೊಡಬೇಕೇ ಹೊರತು, ಫೈರ್‌ವಾಲನ್ನೇ ಆರಿಸಬಾರದು. ಕನ್ನಡದಲ್ಲಿ ಬರೆಯಬೇಕಾದಾಗ ನಾನು ಹೊರಗಿನ ಪಠ್ಯಸಂಪಾದಕದಲ್ಲಿ ಟೈಪಿಸಿ, ನಕಲಿಸಿ, ಒಳಗೆ ಅಂಟಿಸುತ್ತೇನೆ.

ಏನು ನಡೆಯುತ್ತದೆ, ಏನು ನಡೆಯುವುದಿಲ್ಲ

ಅಡ್ಡಗೋಡೆಯೊಳಗಿನ ಈ ಮೊಬೈಲಿಗೆ ಸಿಮ್ ಇಲ್ಲ, ಐಎಮ್‌ಇಐ ಸಂಖ್ಯೆಯಿಲ್ಲ, ಜಿಪಿಎಸ್ ಇಲ್ಲ. ಕ್ಯಾಮೆರಾವನ್ನು ನೆಚ್ಚುವಂತಿಲ್ಲ. ಇದಲ್ಲದೆ ಹೆಚ್ಚಿನ ಮೊಬೈಲುಗಳ ಸಂಸ್ಕಾರಕ ಎಆರ್‌ಎಮ್ ಜಾತಿಯದು, ನಮ್ಮ ಗಣಕಯಂತ್ರಗಳದ್ದು ಇಂಟೆಲ್ ಅಥವಾ ಎಎಮ್‌ಡಿ. ಎಆರ್‌ಎಮ್‌ಗೆ ಮಾತ್ರ ಸಿದ್ಧಪಡಿಸಿದ ಭಾಗಗಳುಳ್ಳ ಆ್ಯಪ್ ಇಲ್ಲಿ ನೇರವಾಗಿ ತೆರೆಯುವುದಿಲ್ಲ; ದುಭಾಷಿ ತಂತ್ರಾಂಶಗಳಿವೆಯಾದರೂ ಅವು ಅಧಿಕೃತ ಭಂಡಾರದವಲ್ಲ, ವ್ಯವಹಾರದ ಯಂತ್ರಕ್ಕೆ ನಾನು ಅವನ್ನು ಸೂಚಿಸುವುದಿಲ್ಲ.

ಯುಪಿಐ ಮತ್ತು ಬ್ಯಾಂಕಿನ ಆ್ಯಪ್‌ಗಳ ವಿಷಯ ಇಲ್ಲಿಯೇ ತೀರ್ಮಾನವಾಗುತ್ತದೆ. ಯುಪಿಐ ನೋಂದಣಿಯು ಫೋನಿನಲ್ಲಿರುವ ಸಿಮ್‌ನಿಂದಲೇ ಸಂದೇಶ ಕಳುಹಿಸಿ ಸಾಧನವನ್ನು ಬಂಧಿಸುತ್ತದೆ. ಸಿಮ್ ಇಲ್ಲದೆಡೆ ಆ ಹೆಜ್ಜೆ ಮುಂದೆ ಸಾಗದು. ಬ್ಯಾಂಕಿನ ಆ್ಯಪ್‌ಗಳಲ್ಲಿ ಹಲವು ಸಾಧನದ ಪ್ರಾಮಾಣಿಕತೆಯನ್ನು ಗೂಗಲ್ ಮೂಲಕ ಪರೀಕ್ಷಿಸಿ, ಅಪ್ರಮಾಣಿತವೆಂದು ಕಂಡರೆ ಮುಚ್ಚಿಕೊಳ್ಳುತ್ತವೆ. ಈ ಪರೀಕ್ಷೆಯನ್ನು ಏಮಾರಿಸುವ ಉಪಾಯಗಳನ್ನು ಹೇಳಿಕೊಡುವವರಿದ್ದಾರೆ. ಬ್ಯಾಂಕು ಬೇಡವೆಂದು ಹಾಕಿದ ಬಾಗಿಲನ್ನು ನಾವೇ ಒಡೆದು ಒಳಹೋದ ಮೇಲೆ ಹಣ ಕಳೆದುಹೋದರೆ ಯಾವ ಮುಖದಿಂದ ದೂರು ಕೊಡುವುದು? ಬ್ಯಾಂಕ್ ವಿವರಣಪಟ್ಟಿ ಬೇಕಾದಲ್ಲಿ ಬ್ಯಾಂಕಿನ ಜಾಲತಾಣದಿಂದಲೇ ಪಡೆಯಬಹುದು, ಆ್ಯಪ್ ಬೇಕಾಗಿಲ್ಲ. ವಾಟ್ಸಾಪಿಗೂ ಜಾಲ ಆವೃತ್ತಿಯಿದೆ.

ಹಾಗಾದರೆ ಯಾವುದಕ್ಕೆ ಉಪಯೋಗ? ಮಾಹಿತಿಯನ್ನು ಓದಲು ಮಾತ್ರ ಬಳಸುವ, ಗುರುತಿನ ಹೊಣೆ ಹೊರದ ಆ್ಯಪ್‌ಗಳಿಗೆ. 2016ರಲ್ಲಿ ಆರಂಭವಾದ ಇ-ನಾಮ್ ವ್ಯವಸ್ಥೆಯ ಆ್ಯಪಿನಲ್ಲಿ ಮಾರುಕಟ್ಟೆಗಳ ಧಾರಣೆಯನ್ನು ನೋಡಬಹುದು. ಶೇಂಗಾ, ಹತ್ತಿ, ಈರುಳ್ಳಿ ವರ್ತಕರು ದಿನಕ್ಕೆ ಹತ್ತು ಬಾರಿ ಮೊಬೈಲ್ ತೆಗೆಯುವುದು ಇದಕ್ಕಾಗಿಯೇ. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಪ್ರತಿ ಮಂಗಳವಾರ ಹಾಗೂ ಶುಕ್ರವಾರ ಜಿಲ್ಲಾವಾರು ಕೃಷಿ ಸಲಹೆಯನ್ನು ಕೊಡುತ್ತದೆ. ಬೀಜ-ಗೊಬ್ಬರದ ವರ್ತಕರಿಗೆ ಅದು ದಾಸ್ತಾನಿನ ಪ್ರಶ್ನೆ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿ ವಿಲಾಸ ಸಾಗರ ತುಂಬಿ ಕೋಡಿ ಹರಿದಾಗ, ನಮ್ಮ ತಾಲ್ಲೂಕಿನಲ್ಲಿ ಯಾವ ಬೀಜಕ್ಕೆ ಬೇಡಿಕೆ ಬರುವುದೆಂಬ ಎಲ್ಲರ ಹಳೆಯ ಅಂದಾಜೂ ಬುಡಮೇಲಾಯಿತು. ಆಭರಣ ವರ್ತಕರಿಗೆ ಬಿಐಎಸ್ ಕೇರ್ ಆ್ಯಪ್ ಇದೆ. ಆರು ಅಕ್ಷರಾಂಕಗಳ ಎಚ್‌ಯುಐಡಿ ಸಂಖ್ಯೆಯನ್ನು ಕೀಲಿಮಣೆಯಿಂದ ನಮೂದಿಸಿ ಪರಿಶೀಲಿಸಬಹುದಾದ್ದರಿಂದ ಕ್ಯಾಮೆರಾ ಬೇಡ. ಭೂಮಿಯ ಸರ್ವೆ ನಂಬರು ನೋಡುವ ದಿಶಾಂಕ್ ಆ್ಯಪನ್ನು ದೊಡ್ಡ ಪರದೆಯಲ್ಲಿ ನೋಡುವುದು ಅನುಕೂಲ. 'ನಾನಿರುವ ಸ್ಥಳ' ಎಂಬ ಗುಂಡಿ ಮಾತ್ರ ಪ್ರಯೋಜನಕ್ಕೆ ಬಾರದು. ಇವು ಪ್ರಯತ್ನಿಸಿ ನೋಡಲು ಯೋಗ್ಯವಾದವು. ಇಂದು ತೆರೆದ ಆ್ಯಪ್ ಮುಂದಿನ ಪರಿಷ್ಕರಣೆಯಲ್ಲಿ ತೆರೆಯದಿರಬಹುದು. ಆದ್ದರಿಂದ ನಿತ್ಯದ ಕೆಲಸವನ್ನು ಇದರ ಮೇಲೆಯೇ ನಿಲ್ಲಿಸಬಾರದು.

ಬೀಗ ಮತ್ತು ಕೀಲಿ

ಈಗ ಅಡಿಕೆ ವರ್ತಕರ ಪ್ರಶ್ನೆಗೆ ಬರೋಣ. ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ಪೋರ್ಟಲುಗಳಲ್ಲಿ ಎರಡು ಹಂತದ ದೃಢೀಕರಣವನ್ನು ವಹಿವಾಟಿನ ಗಾತ್ರಕ್ಕೆ ಅನುಗುಣವಾಗಿ ಕಡ್ಡಾಯಗೊಳಿಸಲಾಯಿತು: 20 ಕೋಟಿ ರೂಪಾಯಿಗಿಂತ ಹೆಚ್ಚಿನವರಿಗೆ 2025ರ ಜನವರಿ 1ರಿಂದ, 5 ಕೋಟಿಗಿಂತ ಹೆಚ್ಚಿನವರಿಗೆ ಫೆಬ್ರವರಿ 1ರಿಂದ, ಉಳಿದೆಲ್ಲರಿಗೂ ಏಪ್ರಿಲ್ 1ರಿಂದ. ಓಟಿಪಿ ಪಡೆಯಲು ಮೂರು ದಾರಿಗಳಿವೆ. ಎಸ್‌ಎಮ್‌ಎಸ್ ಒಂದು, ಸಂದೇಸ್ ಎಂಬ ಸರ್ಕಾರಿ ಸಂದೇಶದ ಆ್ಯಪ್ ಇನ್ನೊಂದು, ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಎಂಬ ಆ್ಯಪ್ ಮೂರನೆಯದು. ಈ ಮೂರನೆಯದು ಅಂತರ್ಜಾಲವಾಗಲಿ ಮೊಬೈಲ್ ಸಂಪರ್ಕವಾಗಲಿ ಇಲ್ಲದೆಯೂ 30 ಸೆಕೆಂಡಿಗೊಮ್ಮೆ ಹೊಸ ಓಟಿಪಿ ತೋರಿಸುತ್ತದೆ. ಅದರ ಸಮಯವು ಪೋರ್ಟಲಿನ ಸಮಯದೊಡನೆ ಹೊಂದಿದ್ದರೆ ಸಾಕು. ಹುಡುಗನ ಕಣ್ಣು ಬಿದ್ದದ್ದು ಇದರ ಮೇಲೆ.

ಎರಡು ಹಂತದ ದೃಢೀಕರಣದ ತತ್ತ್ವ ನಮ್ಮ ಹಿರಿಯರಿಗೆ ಗೊತ್ತಿದ್ದುದೇ. ತಿಜೋರಿಗೆ ಎರಡು ಕೀಲಿ. ಒಂದು ಯಜಮಾನರಲ್ಲಿ, ಒಂದು ಗುಮಾಸ್ತನಲ್ಲಿ. ಗುಪ್ತಪದವೆಂಬುದು ನಮಗೆ ತಿಳಿದಿರುವ ಸಂಗತಿ. ಓಟಿಪಿ ನಮ್ಮ ಕೈಯಲ್ಲಿರುವ ವಸ್ತುವಿನಿಂದ ಬರುವಂಥದು. ಇವೆರಡೂ ಬೇರೆ ಬೇರೆ ಕಡೆ ಇದ್ದಾಗ ಮಾತ್ರ ಎರಡು. ಅಂಗಡಿಯ ಗಣಕಯಂತ್ರದ ಬ್ರೌಸರಿನಲ್ಲಿ ಗುಪ್ತಪದ ಉಳಿಸಿಟ್ಟಿರುತ್ತದೆ — ಎಲ್ಲ ಅಂಗಡಿಗಳಲ್ಲೂ ಹೀಗೆಯೇ, ನಾನು ಎಷ್ಟು ಹೇಳಿದರೂ — ಅದೇ ಯಂತ್ರದ ಅಡ್ಡಗೋಡೆಯ ಆಚೆ ಓಟಿಪಿ ಆ್ಯಪ್ ಇಟ್ಟರೆ, ಆ ಕುರ್ಚಿಯಲ್ಲಿ ಕುಳಿತ ಯಾರಾದರೂ ನಿಮ್ಮ ಹೆಸರಿನಲ್ಲಿ ಇ-ವೇ ಬಿಲ್ ಸೃಷ್ಟಿಸಬಹುದು. ದುಷ್ಟ ತಂತ್ರಾಂಶವೊಂದು ಆ ಯಂತ್ರಕ್ಕೆ ನುಸುಳಿದರೂ ಅಷ್ಟೇ. ನಿಮ್ಮ ನೋಂದಣಿ ಸಂಖ್ಯೆಯಲ್ಲಿ, ನಿಮಗೆ ತಿಳಿಯದ ಸರಕು, ನಿಮಗೆ ತಿಳಿಯದ ಲಾರಿಯಲ್ಲಿ ಸಾಗಿದರೆ, ಆರು ತಿಂಗಳ ನಂತರ ನೋಟೀಸು ಬರುವುದು ನಿಮಗೆ. 'ನಾನು ಮಾಡಿದ್ದಲ್ಲ' ಎಂಬ ವಾದಕ್ಕೆ ಓಟಿಪಿಯೇ ಎದುರು ಸಾಕ್ಷಿಯಾಗುತ್ತದೆ.

ಕಂಟೇನರಿನ ಗೋಡೆ ಕಾಪಾಡುವುದಿಲ್ಲವೇ ಎಂದು ಅವರು ಕೇಳಿದರು. ಒಂದು ದೃಷ್ಟಾಂತ ಸಾಕು. ಗೂಗಲ್ ಸಂಸ್ಥೆಯು 2016ರಿಂದ ತನ್ನ ಕ್ರೋಮ್‌ಬುಕ್ ಗಣಕಗಳಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳನ್ನು ಕಂಟೇನರಿನೊಳಗೆ ನಡೆಸುತ್ತಿತ್ತು. ಅನಂತರ ತಳಪಾಯವನ್ನೇ ಪ್ರತ್ಯೇಕಿಸುವ ವರ್ಚುವಲ್ ಯಂತ್ರಕ್ಕೆ ಬದಲಾಯಿಸಿತು, ಭದ್ರತೆ ಅದಕ್ಕೆ ಒಂದು ಮುಖ್ಯ ಕಾರಣ. ವೇಡ್ರಾಯ್ಡಿನ ಕಂಟೇನರ್ ಸೇವೆಯು ಆಡಳಿತಾಧಿಕಾರದೊಂದಿಗೇ ನಡೆಯುತ್ತದೆ. ಆ ಗೋಡೆ ಸರಕು ಬೆರೆಯದಂತೆ ತಡೆಯಲು ಸಾಕು. ತಿಜೋರಿಯ ಗೋಡೆಯೆಂದು ಭಾವಿಸಬಾರದು.

ಹಾಗಿದ್ದಲ್ಲಿ ರಾತ್ರಿ ಹೊತ್ತಿನ ಲಾರಿಗೆ ಪರಿಹಾರವೇನು? ಅದು ಪೋರ್ಟಲಿನಲ್ಲಿಯೇ ಇದೆ. ಇ-ವೇ ಬಿಲ್ ಪೋರ್ಟಲಿನ ಬಳಕೆದಾರ ನಿರ್ವಹಣೆ ವಿಭಾಗದಲ್ಲಿ ಉಪಬಳಕೆದಾರರನ್ನು ಸೃಷ್ಟಿಸಬಹುದು. ಗುಮಾಸ್ತನಿಗೆ ಅವನದೇ ಹೆಸರು, ಅವನದೇ ಗುಪ್ತಪದ, ಅವನದೇ ಮೊಬೈಲ್ ಸಂಖ್ಯೆ. ಓಟಿಪಿ ಅವನ ಫೋನಿಗೇ ಬರುತ್ತದೆ. ಯಾವ ಕೆಲಸಕ್ಕೆ ಅನುಮತಿ, ಯಾವುದಕ್ಕೆ ಇಲ್ಲ ಎಂಬುದನ್ನೂ ಮಾಲೀಕರೇ ನಿರ್ಧರಿಸಬಹುದು. ಯಾವ ಬಿಲ್ಲನ್ನು ಯಾರು ಸೃಷ್ಟಿಸಿದರೆಂಬುದು ದಾಖಲೆಯಲ್ಲಿ ಉಳಿಯುತ್ತದೆ. ಲೆಕ್ಕಪರಿಶೋಧಕನಿಗೆ ಇದಕ್ಕಿಂತ ಪ್ರಿಯವಾದುದಿಲ್ಲ. ನೌಕರ ಕೆಲಸ ಬಿಟ್ಟ ದಿನವೇ ಆ ಉಪಬಳಕೆದಾರನನ್ನು ಸ್ಥಗಿತಗೊಳಿಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ದಾಖಲೆಗಳ ರಕ್ಷಣೆ

ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಹಳೆಯ ಯಂತ್ರದಲ್ಲಿನ ಕಂಟೇನರ್ ಅಷ್ಟು ಕಾಲ ಬಾಳುವುದೆಂದು ನಂಬುವಂತಿಲ್ಲ. ವೇಡ್ರಾಯ್ಡಿನ ದತ್ತಾಂಶವು ಬಳಕೆದಾರರ ಹೋಮ್ ಕೋಶದೊಳಗಿನ ಅಡಗಿದ ಉಪಕೋಶವೊಂದರಲ್ಲಿರುತ್ತದೆ. ಸಾಮಾನ್ಯ ನಕಲಿಗೆ ಅದು ಪೂರ್ತಿಯಾಗಿ ಸಿಗುವುದಿಲ್ಲ, ಆಡಳಿತಾಧಿಕಾರ ಬೇಕಾಗುತ್ತದೆ. ಆದ್ದರಿಂದ ಮೂಲ ದಾಖಲೆಯಾಗಬಲ್ಲ ಯಾವುದನ್ನೂ ಅದರೊಳಗೆ ಮಾತ್ರ ಇಡಬಾರದು. ರಶೀದಿಯೋ ಪಟ್ಟಿಯೋ ಆ್ಯಪಿನಲ್ಲಿ ಸಿದ್ಧವಾದರೆ ಅಂದೇ ಹೊರತೆಗೆದು, ಲೆಕ್ಕದ ಯಂತ್ರಕ್ಕೂ ಬೇರೆ ಡಿಸ್ಕಿಗೂ ನಕಲಿಸಿಕೊಳ್ಳಿರಿ.

ಈ ಮಾತಿನ ಬೆಲೆ ನಮ್ಮ ರಾಜ್ಯಕ್ಕೆ 2025ರ ಜುಲೈ ತಿಂಗಳಲ್ಲಿ ತಿಳಿಯಿತು. ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಮೂಲಕ ಜಮೆಯಾದ ಮೊತ್ತವನ್ನು ಆಧರಿಸಿ ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿ ಮುಂತಾದ ಸಣ್ಣ ವ್ಯಾಪಾರಿಗಳಿಗೆ ನೋಟೀಸು ನೀಡಿತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ಎಂಬ ನೋಂದಣಿ ಮಿತಿಯನ್ನು ಮೀರಿದಂತೆ ಕಂಡ ಜಮೆಯಲ್ಲಿ ತೆರಿಗೆಯಿಲ್ಲದ ಹಾಲು-ತರಕಾರಿ ಎಷ್ಟು, ಬಂಧುಗಳಿಂದ ಪಡೆದ ಕೈಸಾಲ ಎಷ್ಟು ಎಂದು ಬಿಡಿಸಿ ತೋರಿಸಬೇಕಾಗಿ ಬಂದಾಗ, ಅನೇಕರ ಬಳಿ ಇದ್ದ ಏಕೈಕ ದಾಖಲೆ ಮೊಬೈಲ್. ಅದೂ ಕೆಲವರದು ಒಡೆದುಹೋಗಿತ್ತು, ಕೆಲವರದು ಬದಲಾಗಿತ್ತು. ಅವರಿಗೆ ಬೇಕಾಗಿದ್ದುದು ಗಣಕಯಂತ್ರದಲ್ಲಿ ಮೊಬೈಲ್ ಅಲ್ಲ. ದಿನದ ಕೊನೆಗೆ ಬರೆದ ಒಂದು ಪುಟ.

ನನ್ನ ಕಕ್ಷಿದಾರರ ಹಳೆಯ ಗಣಕಯಂತ್ರದಲ್ಲಿ ಈಗ ಉಬುಂಟು ಮತ್ತು ವೇಡ್ರಾಯ್ಡ್ ಇವೆ. ಅಳಿಯನೇ ಅಳವಡಿಸಿದ್ದು. ಅದರಲ್ಲಿ ಧಾರಣೆ ಮತ್ತು ಹವಾಮಾನದ ಆ್ಯಪ್‌ಗಳು ನಡೆಯುತ್ತವೆ, ಗೋದಾಮಿಗೆ ಬಂದ ರೈತರೂ ಪರದೆಯನ್ನು ನೋಡುತ್ತಾರೆ. ಇ-ವೇ ಬಿಲ್ಲಿಗೆ ಇಬ್ಬರು ಗುಮಾಸ್ತರು ಉಪಬಳಕೆದಾರರಾಗಿದ್ದಾರೆ. ಬ್ರೌಸರಿನಲ್ಲಿ ಉಳಿಸಿದ್ದ ಗುಪ್ತಪದಗಳನ್ನು ಅಳಿಸಲಾಗಿದೆ. ಅಂದು ಚಾಲಕನನ್ನು ತಡೆದ ಗುಮಾಸ್ತನೇ ರಾತ್ರಿ ಪಾಳಿಯ ಹೊಣೆಗಾರ. ಅವನ ಫೋನಿನ ಚಾರ್ಜರನ್ನು ಮಾಲೀಕರೇ ಕೊಡಿಸಿದ್ದು.